ರಿಪೋರ್ಟಿನಲ್ಲಿ ಯಾರೂ ಓದದ ಸಾಲು

ನಾನು ಲ್ಯಾಬ್ ಟೆಕ್ನಿಷಿಯನ್. ಶಿವಮೊಗ್ಗ ಜಿಲ್ಲೆಯ ಒಂದು ತಾಲೂಕು ಊರಿನ ಪುಟ್ಟ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಖಾಲಿ ಹೊಟ್ಟೆಯ ಶುಗರ್ ಟೆಸ್ಟಿನವರು ಆಗಲೇ ಬಂದು ಕೂತಿರುತ್ತಾರೆ. ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರು ಬರೆಯುವುದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್ ಬೇರೆ ಮಾಡುವುದು, ನಮ್ಮಲ್ಲಿ ಆಗದ ಟೆಸ್ಟ್ ಇದ್ದರೆ ಐಸ್ ಪ್ಯಾಕ್ ಹಾಕಿ ದೊಡ್ಡ ಊರಿಗೆ ಕಳಿಸುವುದು. ಸೀರಮ್ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ಹಳದಿ ನೀರು. ರೋಗಾಣುಗಳ ವಿರುದ್ಧ ಹೋರಾಡಲು ನಮ್ಮ ದೇಹ ತಯಾರಿಸುವ ಆಂಟಿಬಾಡಿಗಳು ಇರುವುದು ಅದರಲ್ಲೇ.

ನನಗೆ ಬಂದ ಕಾಯಿಲೆಯ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಚಿಕ್ಕದಾಗಿ ಎನ್‌ಎಂಒ ಅನ್ನುತ್ತಾರೆ. ನಮ್ಮದೇ ಆಂಟಿಬಾಡಿ ನಮ್ಮ ಕಣ್ಣಿನ ನರಕ್ಕೆ, ಬೆನ್ನುಹುರಿಗೆ ಹೊಡೆಯುವ ಕಾಯಿಲೆ. ಗಂಡಸರಿಗಿಂತ ಹೆಂಗಸರಿಗೆ ಎಷ್ಟೋ ಪಟ್ಟು ಜಾಸ್ತಿ. ಇದನ್ನು ಹಿಡಿಯುವ ಟೆಸ್ಟ್ ಹುಟ್ಟಿದ್ದು ಹಿಂದಿನ ರೋಗಿಗಳ ಸೀರಮ್‌ನಿಂದ. ಈಗಿರುವ ಔಷಧಿಗಳ ದಾರಿ ತೋರಿಸಿದ್ದೂ ಅದೇ ಸೀರಮ್. ದಿನಾ ಅದನ್ನೇ ಕೈಯಲ್ಲಿ ಹಿಡಿದು ಓಡಾಡುವವಳಾಗಿ ನನಗೆ ಈ ಕಥೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ತಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಬಿಕ್ಕಳಿಕೆ. ಮಳೆಗಾಲ. ಮಧ್ಯಾಹ್ನ ಊಟಕ್ಕೆ ಕೂತಾಗ ಶುರುವಾದದ್ದು ರಾತ್ರಿ ಮಲಗಿದರೂ ನಿಲ್ಲಲಿಲ್ಲ. “ಯಾರೋ ನಿನ್ನ ನೆನೆಸ್ಕೊಳ್ತಿದಾರೆ ಕಣೇ” ಅಂದರು ಅತ್ತೆ. ಮರುದಿನವೂ ನಿಲ್ಲದಾಗ, “ಇಷ್ಟೊಂದು ನೆನೆಸ್ಕೊಳ್ಳೋರು ಅಂದ್ರೆ ಸಾಲ ಕೊಟ್ಟೋರೇ ಇರ್ಬೇಕು” ಅಂತ ನಮ್ಮ ಯಜಮಾನರು ನಗಿಸಲು ನೋಡಿದರು. ಬೆಲ್ಲ ಚೀಪಿದ್ದಾಯಿತು, ಉಸಿರು ಬಿಗಿಹಿಡಿದು ನೀರು ಕುಡಿದದ್ದಾಯಿತು. ಆಮೇಲೆ ವಾಂತಿ ಶುರುವಾಯಿತು. ಗಂಜಿಯೂ ನಿಲ್ಲುತ್ತಿರಲಿಲ್ಲ. ಹೊಟ್ಟೆನೋವಿಲ್ಲ, ಜ್ವರ ಇಲ್ಲ, ಭೇದಿ ಇಲ್ಲ. ಸುಮ್ನೆ ವಾಂತಿ, ಮಧ್ಯೆ ಮಧ್ಯೆ ಬಿಕ್ಕಳಿಕೆ. ನಮ್ಮ ಲ್ಯಾಬಿನಲ್ಲೇ ಸಹೋದ್ಯೋಗಿ ರಕ್ತ ತೆಗೆದಳು. ಪೊಟ್ಯಾಷಿಯಂ ಕಡಿಮೆ ಬಂತು, ಉಳಿದಿದ್ದೆಲ್ಲ ನಾರ್ಮಲ್. ಎಂಡೋಸ್ಕೋಪಿ ಮಾಡಿದರು, ಅಲ್ಪಸ್ವಲ್ಪ ಗ್ಯಾಸ್ಟ್ರೈಟಿಸ್ ಅಂತ ಬರೆದರು. ಯಾರಿಗೆ ತಾನೇ ಬರೆಯಲ್ಲ ಅದನ್ನ? ಡ್ರಿಪ್ ಹಾಕಿದರು, ಗ್ಯಾಸಿನ ಮಾತ್ರೆ ಕೊಟ್ಟರು. ಕೆಲವು ವಾರ ಕಾಡಿ ಅದು ತಾನಾಗಿಯೇ ನಿಂತಿತು. ಮಾತ್ರೆಗೆ ಹೆಸರು ಬಂತು. ಅತ್ತೆ ಒಂದು ಹರಕೆ ಹೊತ್ತಿದ್ದರು, ಸ್ವಲ್ಪ ಹೆಸರು ಅದಕ್ಕೂ ಹೋಯಿತು.

ಚಳಿಗಾಲದಲ್ಲಿ ಕಣ್ಣು. ಬಲಗಣ್ಣಿನ ಹಿಂದೆ ನೋವು, ಅದೂ ಕಣ್ಣು ಹೊರಳಿಸಿದಾಗ ಮಾತ್ರ. ತಲೆನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋದೆ. ನಮ್ಮಲ್ಲಿ ಸೀರಮ್‌ಗೆ ಕೆಂಪು ಮುಚ್ಚಳದ ಟ್ಯೂಬು, ರಕ್ತದ ಎಣಿಕೆಗೆ ನೇರಳೆ ಮುಚ್ಚಳದ್ದು. ಅವತ್ತು ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿದ ಕೆಂಪು ಮುಚ್ಚಳಗಳು ಯಾಕೋ ಮಾಸಿದ ಕಂದು ಬಣ್ಣಕ್ಕೆ ತಿರುಗಿದ್ದವು. ಹೊಸ ಬ್ಯಾಚ್ ಇರಬೇಕು ಅಂದುಕೊಂಡು ಕಣ್ಣು ಉಜ್ಜುವಾಗ ಬಲಗಣ್ಣು ಮುಚ್ಚಿತು. ಮುಚ್ಚಳಗಳು ಥಟ್ಟನೆ ಕೆಂಪಾದವು. ಎಡಗಣ್ಣು ಮುಚ್ಚಿದೆ, ಮತ್ತೆ ಕಂದು. ಒಂದೊಂದೇ ಕಣ್ಣು ಮುಚ್ಚಿ ತೆಗೆದು ಎಷ್ಟೋ ಹೊತ್ತು ಅಲ್ಲೇ ನಿಂತೆ. ಬಲಗಣ್ಣಿಗೆ ಅಕ್ಷರಗಳೂ ಮಂಜಾಗುತ್ತಿದ್ದವು. ಎರಡು ದಿನದಲ್ಲಿ ಎದುರಿಗೆ ಹಿಡಿದ ಬೆರಳು ಎಣಿಸುವಷ್ಟು ಮಾತ್ರ ಉಳಿಯಿತು.

ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಬೆಳಕು ಎಡಗಣ್ಣಿನಿಂದ ಬಲಗಣ್ಣಿಗೆ ಹೋದಾಗ ಪಾಪೆ ಕಿರಿದಾಗುವ ಬದಲು ಅರಳುತ್ತಿತ್ತಂತೆ. “ಇದು ಕಣ್ಣಿನ ತೊಂದರೆ ಅಲ್ಲ, ಕಣ್ಣಿನ ನರದ ತೊಂದರೆ. ನರದಲ್ಲಿ ಊತ ಇದೆ. ನರರೋಗ ತಜ್ಞರನ್ನ ನೋಡಿ” ಅಂದರು. ಹೊರಡುವ ಮುಂಚೆ ಎನ್‌ಎಂಒ ಹಿಡಿಯುವ ಒಂದು ರಕ್ತಪರೀಕ್ಷೆಗೂ ಬರೆದುಕೊಟ್ಟರು. ಅಕ್ವಪೋರಿನ್-4 ಆಂಟಿಬಾಡಿ. ಇಷ್ಟು ವರ್ಷದ ಕೆಲಸದಲ್ಲಿ ಆ ಟೆಸ್ಟಿಗೆ ನಾನು ಸ್ಯಾಂಪಲ್ ಕಳಿಸಿದ್ದೇ ಇಲ್ಲ. ಅಲ್ಲೇ ಹತ್ತಿರದ ಒಂದು ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಟ್ಟು ಬಂದೆವು. ಮೊಬೈಲಿಗೆ ರಿಪೋರ್ಟ್ ಬಂತು. ನೆಗೆಟಿವ್. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟರು.

ಆಗುಂಬೆ ಘಾಟಿ ಇಳಿದು ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಆ 14 ತಿರುವುಗಳನ್ನು ಒಂದೇ ಕಣ್ಣಲ್ಲಿ ನೋಡಿಕೊಂಡು ಇಳಿಯುವುದು ಬೇರೆಯದೇ ಅನುಭವ, ಅದನ್ನು ಇಲ್ಲಿ ಬಿಡುತ್ತೇನೆ. ಅಲ್ಲಿನ ನರರೋಗ ತಜ್ಞೆ ಫೈಲ್ ಪೂರ್ತಿ ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಕಣ್ಣಿನ ಬಗ್ಗೆ ಇರಲಿಲ್ಲ.

“ಈ ಮುಂಚೆ ಯಾವಾಗಾದ್ರೂ ನಿಲ್ಲದೆ ವಾಂತಿ, ಬಿಕ್ಕಳಿಕೆ ಬಂದಿತ್ತಾ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಜಮಾನರು ಬ್ಯಾಗಿನಿಂದ ಎಂಡೋಸ್ಕೋಪಿ ರಿಪೋರ್ಟ್ ಹುಡುಕಿ ತೆಗೆದರು. ಡಾಕ್ಟರು ಅದನ್ನು ತೆರೆದೂ ನೋಡದೆ ಪಕ್ಕಕ್ಕಿಟ್ಟರು. ಮಿದುಳಿನ ಬುಡದಲ್ಲಿ, ಹಿಂಭಾಗಕ್ಕೆ, ವಾಂತಿಯನ್ನು ಎಬ್ಬಿಸುವ ಒಂದು ಸಣ್ಣ ಜಾಗ ಇದೆ. ರಕ್ತದಲ್ಲಿ ಸೇರಿದ ವಿಷವನ್ನು ಮೂಸಿ ನೋಡಿ ವಾಂತಿ ಮಾಡಿಸುವುದು ಅದರ ಕೆಲಸ. ಹಾಗಾಗಿ ಮಿದುಳಿನ ಬೇರೆ ಕಡೆ ಇರುವಂಥ ಬಿಗಿ ಕಾವಲು ಅಲ್ಲಿ ಇಲ್ಲ. ರಕ್ತದಲ್ಲಿರುವ ಆಂಟಿಬಾಡಿ ಸಲೀಸಾಗಿ ಒಳಗೆ ನುಗ್ಗಬಹುದು. ಎನ್‌ಎಂಒ ಕೆಲವರಲ್ಲಿ ಅಲ್ಲಿಂದಲೇ ಶುರುವಾಗುತ್ತದೆ. ರೋಗಿ ಹೋಗುವುದು ಹೊಟ್ಟೆಯ ಡಾಕ್ಟರ ಹತ್ತಿರ. ಕೆಲವು ವಾರಕ್ಕೆ ಅದು ಕಡಿಮೆಯೂ ಆಗುತ್ತದೆ. ಎಲ್ಲರೂ ಮರೆಯುತ್ತಾರೆ.

“ಆದ್ರೆ ಮೇಡಂ, ಆಂಟಿಬಾಡಿ ನೆಗೆಟಿವ್ ಬಂದಿದೆಯಲ್ಲ?” ಅಂದೆ.

“ನೀವು ಲ್ಯಾಬಿನವರು ಅಂತೀರಿ. ಮೆಥಡ್ ಏನು ಬರೆದಿದ್ದಾರೆ ನೋಡಿ.”

ರಿಪೋರ್ಟಿನ ಕೆಳಗೆ, ಸಹಿಗಿಂತ ಮೇಲೆ, ಸಣ್ಣ ಅಕ್ಷರದಲ್ಲಿ ಇತ್ತು: ಎಲೈಸಾ. ಎಲೈಸಾ ನನಗೆ ಹೊಸದಲ್ಲ. ಪ್ಲಾಸ್ಟಿಕ್ ಗುಳಿಗೆ ಪ್ರೊಟೀನ್ ಅಂಟಿಸಿರುತ್ತಾರೆ, ಅದರ ಮೇಲೆ ಸೀರಮ್ ಹಾಕುತ್ತಾರೆ, ಆಂಟಿಬಾಡಿ ಹಿಡಿದುಕೊಂಡರೆ ಬಣ್ಣ ಬರುತ್ತದೆ. ಎಷ್ಟೋ ಟೆಸ್ಟಿಗೆ ಅದು ಸಾಕು. ಅಕ್ವಪೋರಿನ್-4 ವಿಷಯದಲ್ಲಿ ಸಾಲದು. ಈ ಪ್ರೊಟೀನ್ ಕೋಶದ ಪೊರೆಯೊಳಗೆ ನಾಲ್ಕು ನಾಲ್ಕಾಗಿ ಕೂಡಿಕೊಂಡು, ಆ ಗುಂಪುಗಳೆಲ್ಲ ಮತ್ತೆ ಸೇರಿ ಜಾಲ ಕಟ್ಟಿಕೊಂಡಿರುತ್ತದೆ. ರೋಗಿಗಳ ಆಂಟಿಬಾಡಿ ಗುರುತು ಹಿಡಿಯುವುದು ಹೆಚ್ಚಾಗಿ ಆ ಆಕಾರವನ್ನು. ಪೊರೆಯಿಂದ ಕಿತ್ತು ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಆಕಾರ ಕೆಡಬಹುದು. ಆಗ ಇರುವ ಆಂಟಿಬಾಡಿ ಸಿಗದೇ ಹೋಗಬಹುದು. ಇಲ್ಲದಿರುವಾಗ ಅಲ್ಪ ಪ್ರಮಾಣದ ಪಾಸಿಟಿವ್ ಬರುವುದೂ ಉಂಟು. ಅದಕ್ಕೇ ಜೀವಕೋಶದ ಮೇಲೆಯೇ ಮಾಡುವ ಸೆಲ್ ಬೇಸ್ಡ್ ಅಸ್ಸೇ ಆಗಬೇಕು ಅನ್ನುತ್ತಾರೆ ಈ ಕಾಯಿಲೆ ಬಲ್ಲವರು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪಾಸಿಟಿವ್, ನೆಗೆಟಿವ್ ಅನ್ನೋದನ್ನ ಎಲ್ಲರೂ ಓದುತ್ತಾರೆ. ಮೆಥಡ್ ಅನ್ನೋ ಸಾಲನ್ನು ಯಾರೂ ಓದುವುದಿಲ್ಲ.

ಅವತ್ತೇ ಅಡ್ಮಿಟ್ ಆದೆ. ಎಂಆರ್‌ಐನಲ್ಲಿ ಬಲಗಣ್ಣಿನ ನರ ಉದ್ದಕ್ಕೂ ಊದಿಕೊಂಡು, ಎರಡೂ ಕಣ್ಣಿನ ನರಗಳು ಕೂಡುವ ಜಾಗದವರೆಗೆ ಹಬ್ಬಿತ್ತು. ಮಿದುಳಿನ ಬುಡದಲ್ಲಿ ಹಳೆಯ ಒಂದು ಚುಕ್ಕೆ. ನಮ್ಮ ಮಳೆಗಾಲದ ಬಿಕ್ಕಳಿಕೆಯ ವಿಳಾಸ ಅದು. ಬೆನ್ನುಹುರಿ ಸದ್ಯ ಚೆನ್ನಾಗಿತ್ತು. ಬೆನ್ನಿನಿಂದ ನೀರು ತೆಗೆದರು, ದಿನಕ್ಕೆ 1 ಗ್ರಾಂ ಲೆಕ್ಕದಲ್ಲಿ ಐದು ದಿನ ಸ್ಟೀರಾಯ್ಡ್ ಡ್ರಿಪ್ ಕೊಟ್ಟರು. ಬಾಯೆಲ್ಲ ಲೋಹದ ರುಚಿ, ರಾತ್ರಿ ನಿದ್ದೆ ಇಲ್ಲ, ಹಸಿವೋ ಹಸಿವು. ಕಣ್ಣು ಮಾತ್ರ ಹಾಗೇ ಇತ್ತು.

ಹಾಗಾಗಿ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡೋಣ ಅಂದರು. ರಕ್ತವನ್ನು ಹೊರಗೆ ತೆಗೆದು, ಆಂಟಿಬಾಡಿ ಇರುವ ನೀರಿನ ಭಾಗವನ್ನು ಬೇರೆ ಮಾಡಿ ಚೆಲ್ಲಿ, ಕಣಗಳನ್ನು ಆಲ್ಬುಮಿನ್ ಎಂಬ ಪ್ರೊಟೀನಿನ ದ್ರವದ ಜೊತೆ ವಾಪಸ್ ಒಳಗೆ ಬಿಡುವುದು. ಡಾಕ್ಟರು ಜೂನಿಯರ್‌ಗೆ ಹೇಳಿದ್ದು ನೆನಪಿದೆ. “ಮೊದಲು ಬ್ಲಡ್ ತೆಗೀರಿ, ಆಮೇಲೆ ಮಷೀನ್.” ಒಮ್ಮೆ ಪ್ಲಾಸ್ಮಾ ಬದಲಾಯಿಸಿದರೆ ಆಂಟಿಬಾಡಿಯೂ ಹೋಗಿಬಿಡುತ್ತದೆ. ಆಮೇಲೆ ಟೆಸ್ಟ್ ಮಾಡಿದರೆ ಸುಳ್ಳು ನೆಗೆಟಿವ್ ಬರುವ ಸಾಧ್ಯತೆ ಇದೆ. ತುರ್ತಿನಲ್ಲಿ ಇದನ್ನು ಮರೆಯುವುದು ಸುಲಭ.

ಕುತ್ತಿಗೆಗೆ ದಪ್ಪ ಟ್ಯೂಬು ಹಾಕಿದರು. ಮಷೀನ್ ಪಕ್ಕದಲ್ಲಿ ತೂಗುಹಾಕಿದ ಚೀಲ ನಿಧಾನಕ್ಕೆ ತುಂಬುತ್ತಾ ಬಂತು. ತಿಳಿ ಹಳದಿ, ಸ್ವಲ್ಪ ನೊರೆ. ನಾನು ಒಂದೊಂದು ಎಂಎಲ್ ಲೆಕ್ಕದಲ್ಲಿ ಜೋಪಾನವಾಗಿ ಪಿಪೆಟ್‌ನಲ್ಲಿ ಎಳೆಯುವ ವಸ್ತು ಅಲ್ಲಿ ಲೀಟರ್‌ಗಟ್ಟಲೆ. ಅದೂ ನನ್ನದೇ. ಸಿಸ್ಟರ್ ಅದನ್ನು ಕಸದ ಕೋಣೆಗೆ ಒಯ್ಯುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಾಯಿಲೆಯ ದುಃಖ ಒಂದು ಕಡೆ, ಸ್ಯಾಂಪಲ್ ಹಾಳಾಯಿತು ಅನ್ನೋ ಲ್ಯಾಬಿನವರ ಬುದ್ಧಿ ಇನ್ನೊಂದು ಕಡೆ. ತುಟಿ ಜುಮ್ಮೆನ್ನುತ್ತಿತ್ತು. ಕ್ಯಾಲ್ಸಿಯಂ ಇಳಿದಾಗ ಹಾಗಾಗುತ್ತದೆ, ಅದಕ್ಕೆ ಇಂಜೆಕ್ಷನ್ ಕೊಟ್ಟರು. ಒಂದು ದಿನ ಬಿಟ್ಟು ಒಂದು ದಿನ ಹೀಗೇ ನಡೆಯಿತು. ಮೂರನೇ ಸಲ ಆದ ಮೇಲೆ ಎದುರಿನ ಗೋಡೆಯ ಗಡಿಯಾರದ ಮುಳ್ಳು ಬಲಗಣ್ಣಿಗೂ ಕಂಡಿತು.

ಅಷ್ಟರಲ್ಲಿ ರಿಪೋರ್ಟ್ ಬಂತು. ಸೆಲ್ ಬೇಸ್ಡ್ ಅಸ್ಸೇಯಲ್ಲಿ ಅಕ್ವಪೋರಿನ್-4 ಪಾಸಿಟಿವ್. ಕಣ್ಣಿನ ನರದ ಊತದ ಇನ್ನೊಂದು ಆಂಟಿಬಾಡಿ ಮಾಗ್, ಅದು ನೆಗೆಟಿವ್.

ಸ್ಲೈಡ್ ನೋಡಬಹುದಾ ಅಂತ ಕೇಳಿದೆ. ರೋಗಿಗಳು ಹೀಗೆಲ್ಲ ಕೇಳುವುದಿಲ್ಲ ಅಂತ ಕಾಣುತ್ತೆ, ಡಾಕ್ಟರು ನಕ್ಕು ಲ್ಯಾಬಿಗೆ ಫೋನ್ ಮಾಡಿದರು. ಡಿಸ್ಚಾರ್ಜ್ ದಿನ ಯಜಮಾನರು ಬಿಲ್ ಕೌಂಟರಿನ ಸಾಲಿನಲ್ಲಿ ನಿಂತಿದ್ದಾಗ ನಾನು ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ಲ್ಯಾಬಿನ ಕತ್ತಲೆ ಕೋಣೆಯಲ್ಲಿದ್ದೆ. ಅಲ್ಲಿನ ಟೆಕ್ನಿಷಿಯನ್ ನನಗಿಂತ ಚಿಕ್ಕವಳು. ನಾನೂ ಇದೇ ಕೆಲಸದವಳು ಅಂತ ಗೊತ್ತಾದ ಮೇಲೆ “ಅಕ್ಕಾ, ಕೂತ್ಕೊಳ್ಳಿ” ಅಂತ ಸ್ಟೂಲ್ ಎಳೆದಳು.

ಕೆಲಸ ಹೀಗೆ. ಮನುಷ್ಯರ ಕಿಡ್ನಿಯ ಕೋಶಗಳಿಂದ ಬಂದು ಲ್ಯಾಬುಗಳಲ್ಲಿ ದಶಕಗಳಿಂದ ಬೆಳೆಯುತ್ತಲೇ ಇರುವ ಒಂದು ಬಗೆಯ ಕೋಶ ಇದೆ, ಎಚ್‌ಇಕೆ 293. ಅದಕ್ಕೆ ಅಕ್ವಪೋರಿನ್-4ರ ಜೀನ್ ತೂರಿಸುತ್ತಾರೆ. ಆಗ ಆ ಕೋಶ ತನ್ನ ಪೊರೆಯ ತುಂಬ ಅದೇ ಪ್ರೊಟೀನ್ ಕಟ್ಟಿಕೊಳ್ಳುತ್ತದೆ, ದೇಹದಲ್ಲಿ ಇರುವ ಆಕಾರದಲ್ಲೇ. ಸ್ಲೈಡಿನ ಒಂದು ಚೌಕದಲ್ಲಿ ಇಂಥ ಕೋಶಗಳು, ಪಕ್ಕದ ಚೌಕದಲ್ಲಿ ಜೀನ್ ತೂರಿಸದ ಸಾದಾ ಕೋಶಗಳು. ಎರಡರ ಮೇಲೂ ರೋಗಿಯ ಸೀರಮ್ ತೆಳುಮಾಡಿ ಹಾಕಿ ಅರ್ಧ ಗಂಟೆ ಬಿಡುವುದು. ತೊಳೆಯುವುದು. ಮನುಷ್ಯರ ಆಂಟಿಬಾಡಿಗೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿ ಹಾಕುವುದು. ಮತ್ತೆ ತೊಳೆದು ಫ್ಲೋರೊಸೆಂಟ್ ಮೈಕ್ರೋಸ್ಕೋಪಿನಡಿ ಇಡುವುದು. ಎಎನ್‌ಎ ಎಂಬ ಇನ್ನೊಂದು ಆಂಟಿಬಾಡಿ ಟೆಸ್ಟ್ ಮಾಡಿದ ಲ್ಯಾಬಿನವರಿಗೆ ಇದರಲ್ಲಿ ಹೊಸದೇನಿಲ್ಲ.

ಎಡಗಣ್ಣಿನಲ್ಲಿ ನೋಡಿದೆ. ಸಾದಾ ಕೋಶಗಳ ಚೌಕ ಕಪ್ಪು, ಏನೂ ಇಲ್ಲ. ಅವಳು ಸ್ಲೈಡ್ ಸರಿಸಿದಳು. ಕೋಶ ಕೋಶದ ಅಂಚಿಗೂ ಯಾರೋ ಹಸಿರು ಬಳೆ ತೊಡಿಸಿದ ಹಾಗೆ ಹೊಳೆಯುತ್ತಿತ್ತು. ಒಳಗೆ ಕತ್ತಲೆ, ಸುತ್ತ ಹಸಿರು. “ಸ್ಟ್ರಾಂಗ್ ಪಾಸಿಟಿವ್ ಅಕ್ಕಾ” ಅಂದಳು, ಒಳ್ಳೆಯ ಸ್ಲೈಡ್ ಸಿಕ್ಕಾಗ ನಾವು ಹೇಳುವ ಅದೇ ದನಿಯಲ್ಲಿ. ನನಗೂ ಅರೆಗಳಿಗೆ ಖುಷಿಯೇ ಆಯಿತು. ಆಮೇಲೆ ಅದು ನನ್ನ ಸ್ಲೈಡ್ ಅಂತ ನೆನಪಾಯಿತು.

ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದವರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಡಾಕ್ಟರ್ ಯೂಜೀನ್ ಡೆವಿಕ್ ಮುಖ್ಯರು. ಅದು 1894ರ ಮಾತು. ಅಲ್ಲಿಂದ ನೂರು ವರ್ಷಕ್ಕೂ ಮಿಕ್ಕಿ ಇದು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ಇನ್ನೊಂದು ನರರೋಗದ ನೆರಳಲ್ಲೇ ಇತ್ತು. ಏಷ್ಯಾದವರಿಗೆ ಆ ರೋಗ ಕಣ್ಣು ಮತ್ತು ಬೆನ್ನುಹುರಿಗೆ ಬರುತ್ತದೆ ಅಂದುಕೊಂಡಿದ್ದರು. ಜಪಾನಿನಲ್ಲಿ ಅದಕ್ಕೆ ಬೇರೆ ಹೆಸರೇ ಇತ್ತು. ಎರಡೂ ಒಂದೇ ಅಲ್ಲ ಅಂತ ಹೇಳಿದ್ದು ರೋಗಿಗಳ ಸೀರಮ್. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ವಾಂಡಾ ಲೆನನ್ ಅವರ ಲ್ಯಾಬ್ ಬೇರೆ ಬೇರೆ ನರರೋಗಿಗಳ ಸೀರಮ್ಮನ್ನು ಇಲಿಯ ಮಿದುಳಿನ ತೆಳು ಚೂರುಗಳ ಮೇಲೆ ಹಾಕಿ, ಅದು ಎಲ್ಲಿ ಅಂಟುತ್ತದೆ ಅಂತ ನೋಡುತ್ತಿತ್ತು. ಎನ್‌ಎಂಒ ರೋಗಿಗಳ ಸೀರಮ್ ಒಂದು ವಿಶೇಷ ನಮೂನೆ ತೋರಿಸಿತು. ಮಿದುಳಿನ ಸಣ್ಣ ರಕ್ತನಾಳಗಳ ಸುತ್ತ, ಮಿದುಳಿನ ಹೊರ ಅಂಚಿನಲ್ಲಿ ಹೊಳಪು. ಮಲ್ಟಿಪಲ್ ಸ್ಕ್ಲಿರೋಸಿಸ್‌ನವರ ಸೀರಮ್ ಹಾಗೆ ತೋರಿಸಲಿಲ್ಲ. 2004ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ಆ ನಮೂನೆ ಎನ್‌ಎಂಒ ರೋಗಿಗಳಲ್ಲಿ ಶೇ. 73ರಷ್ಟು ಜನರಲ್ಲಿ ಸಿಕ್ಕಿತ್ತು.

ಯಾವುದಕ್ಕೆ ಅಂಟುತ್ತಿದೆ ಅನ್ನೋದು ಆಗಿನ್ನೂ ಗೊತ್ತಿರಲಿಲ್ಲ. ಹೊಳೆಯುವ ಜಾಗ ನೋಡಿ ಊಹೆ ಮಾಡಿದರು. ರಕ್ತನಾಳವನ್ನು ಸುತ್ತುವರಿದ ಆಸ್ಟ್ರೋಸೈಟ್ ಕೋಶಗಳ ಪಾದಗಳಲ್ಲಿ ನೀರು ಒಳಹೊರಗೆ ಹೋಗುವ ಕಾಲುವೆ ಇದೆ, ಅದೇ ಅಕ್ವಪೋರಿನ್-4. ಈ ಜಾತಿಯ ಕಾಲುವೆಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂದಿತ್ತು. ಲೆನನ್ ತಂಡ ಆ ಜೀನ್ ಇಲ್ಲದ ಇಲಿಗಳ ಮಿದುಳಿನ ಮೇಲೆ ರೋಗಿಗಳ ಸೀರಮ್ ಹಾಕಿ ನೋಡಿತು. ಹೊಳಪು ಬರಲೇ ಇಲ್ಲ. ಜೀನ್ ತೂರಿಸಿದ ಎಚ್‌ಇಕೆ ಕೋಶಗಳ ಮೇಲೆ ಹಾಕಿದರೆ ಹೊಳೆಯಿತು. 2005ರಲ್ಲಿ ಗುರಿ ಖಚಿತವಾಯಿತು. ಕತ್ತಲೆ ಕೋಣೆಯಲ್ಲಿ ನಾನು ನೋಡಿದ ಎರಡು ಚೌಕಗಳು ಆ ಪ್ರಯೋಗದ್ದೇ ಮುಂದುವರಿಕೆ.

ನನಗೆ ಇದರಲ್ಲಿ ಹಿಡಿಸಿದ್ದು ಕೆಲಸದ ದಿಕ್ಕು. ಸಾಮಾನ್ಯವಾಗಿ ನಾವು ಏನು ಹುಡುಕಬೇಕು ಅಂತ ಮೊದಲೇ ಗೊತ್ತಿಟ್ಟುಕೊಂಡು ರಕ್ತದಲ್ಲಿ ಅದು ಇದೆಯಾ ನೋಡುತ್ತೇವೆ. ಇಲ್ಲಿ ಏನು ಹುಡುಕಬೇಕು ಅನ್ನೋದನ್ನ ರಕ್ತವೇ ತೋರಿಸಿತು. ಇದೊಂದೇ ಕಾಯಿಲೆಯಲ್ಲ. 2007ರಲ್ಲಿ ಜೋಸೆಪ್ ಡಾಲ್ಮೌ ತಂಡ, ಹುಚ್ಚು ಹಿಡಿದವರಂತೆ ಆಡುತ್ತಿದ್ದ ಯುವತಿಯರ ಕಾಯಿಲೆಯನ್ನು ಮಿದುಳಿನ ಎನ್‌ಎಂಡಿಎ ರಿಸೆಪ್ಟರ್ ಎಂಬ ಪ್ರೊಟೀನಿಗೆ ಅಂಟುವ ಆಂಟಿಬಾಡಿಯಿಂದ ಗುರುತಿಸಿತು. ಎಷ್ಟೋ ಜನರಿಗೆ ಅಂಡಾಶಯದಲ್ಲಿ ಗೆಡ್ಡೆ ಇತ್ತು. 2009ರಲ್ಲಿ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಯ ಗುರಿಯೂ ರೋಗಿಗಳ ಸೀರಮ್‌ನಿಂದಲೇ ಸಿಕ್ಕಿತು. ಈಗ ಅಲ್ಲಿ ಕೆಲವರಿಗೆ ಬಯಾಪ್ಸಿ ಬಿಟ್ಟು ರಕ್ತಪರೀಕ್ಷೆಯಲ್ಲೇ ಮುಗಿಸುತ್ತಾರೆ.

ನಮ್ಮ ಕಡೆಗೂ ಇದು ಬಂದಿದೆ. ಮಂಗಳೂರಿನಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ರೋಗಿಗಳ ರಿಜಿಸ್ಟ್ರಿಯನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ, ದಕ್ಷಿಣ ಭಾರತದ ರೋಗಿಗಳ ಸೀರಮ್ ಮೇಲೆ ಅಧ್ಯಯನ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಆಂಟಿಬಾಡಿಗಳ ಟೆಸ್ಟ್ ಆಗುತ್ತದೆ. ನಮ್ಮ ಊರಿನಂಥ ಕಡೆಯ ಡಾಕ್ಟರುಗಳಿಗೆ ಇದು ಗೊತ್ತಿರುವುದೇ ಕಡಿಮೆ, ಅದು ಬೇರೆ ಮಾತು.

ಹೆಸರು ಸರಿಯಾಗಿ ಸಿಕ್ಕಿದ್ದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಬಹಳ ಇದೆ. ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಕೊಡುವ ಬೀಟಾ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಾಲಿಜುಮ್ಯಾಬ್ ಎನ್‌ಎಂಒ ಇರುವವರಿಗೆ ಕೊಟ್ಟರೆ ಕಾಯಿಲೆ ಹೆಚ್ಚಾಗಬಹುದು. ಎನ್‌ಎಂಒದಲ್ಲಿ ಹೆಚ್ಚಿನ ಹೊಡೆತಗಳು ಗಾಯ ಉಳಿಸಿಯೇ ಹೋಗುತ್ತವೆ. ಒಂದು ಹೊಡೆತಕ್ಕೆ ಕಣ್ಣು, ಇನ್ನೊಂದಕ್ಕೆ ಕಾಲು. ಹಾಗಾಗಿ ಮುಂದಿನ ಹೊಡೆತ ಬರದ ಹಾಗೆ ತಡೆಯುವುದೇ ಚಿಕಿತ್ಸೆ.

ಆಂಟಿಬಾಡಿ ಹೇಗೆ ಕೆಡಿಸುತ್ತದೆ ಅನ್ನೋದನ್ನೂ ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು. ಅದು ಆಸ್ಟ್ರೋಸೈಟಿನ ಪಾದಕ್ಕೆ ಅಂಟಿ ಸುಮ್ಮನಿರುವುದಿಲ್ಲ. ತನ್ನ ಬಾಲದ ತುದಿಯಿಂದ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೊಟೀನುಗಳನ್ನು ಕರೆಯುತ್ತದೆ. ಅವು ಕೋಶಕ್ಕೆ ತೂತು ಕೊರೆಯುತ್ತವೆ. ಆಸ್ಟ್ರೋಸೈಟ್ ಸತ್ತ ಮೇಲೆ ನರದ ಹೊದಿಕೆಯೂ ಹಾಳಾಗುತ್ತದೆ. ನಾನು ಕೇಳಿದೆ, “ಹೊಟ್ಟೆಯಲ್ಲಿ, ಕಿಡ್ನಿಯಲ್ಲೂ ಈ ಅಕ್ವಪೋರಿನ್-4 ಇದೆ ಅಂತ ಓದಿದೆ. ಅಲ್ಲಿ ಯಾಕೆ ಹೊಡೆಯಲ್ಲ?” ಒಳ್ಳೆ ಪ್ರಶ್ನೆ ಅಂದರು. ಆ ಜಾಗಗಳಲ್ಲಿ ಕಾಂಪ್ಲಿಮೆಂಟನ್ನು ತಡೆಯುವ ಬೇರೆ ಪ್ರೊಟೀನುಗಳು ಕಾಪಾಡುತ್ತಿರಬಹುದು ಎಂಬುದು ಸಂಶೋಧಕರ ವಿವರಣೆಯಂತೆ.

ಈ ಚಿತ್ರ ಸಿಕ್ಕ ಮೇಲೆ ಔಷಧಿಗಳು ಸರಪಳಿಯ ಒಂದೊಂದು ಕೊಂಡಿ ಹಿಡಿದು ಬಂದವು. ಎಕುಲಿಜುಮ್ಯಾಬ್ ಕಾಂಪ್ಲಿಮೆಂಟನ್ನೇ ನಿಲ್ಲಿಸುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಔಷಧಿ ತೆಗೆದುಕೊಂಡ 96 ಜನರಲ್ಲಿ 3 ಜನರಿಗೆ, ಸುಳ್ಳು ಔಷಧಿ ತೆಗೆದುಕೊಂಡ 47 ಜನರಲ್ಲಿ 20 ಜನರಿಗೆ ಕಾಯಿಲೆ ಮರುಕಳಿಸಿತ್ತು. ಅದ್ಭುತವೇ ಸರಿ. ಆದರೆ ಅಮೆರಿಕದ ಬೆಲೆಯಲ್ಲಿ ವರ್ಷದ ಖರ್ಚು ಕೋಟಿ ಲೆಕ್ಕದ್ದು. ಅದನ್ನು ಕೇಳಿ ಯಜಮಾನರು ಎದ್ದು ನೀರು ಕುಡಿದು ಬಂದರು.

ನನಗೆ ಬರೆದದ್ದು ರಿಟುಕ್ಸಿಮ್ಯಾಬ್. ಆಂಟಿಬಾಡಿ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನು ಇದು ಅಳಿಸುತ್ತದೆ. ನಮ್ಮ ದೇಶದಲ್ಲೇ ತಯಾರಾಗುವುದರಿಂದ ಬೆಲೆ ಅಷ್ಟಿಲ್ಲ, ಆದರೂ ಸಂಬಳದ ಮನೆಗೆ ಭಾರವೇ. ಜಪಾನಿನವರು 2020ರಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ ಇದನ್ನು ತೆಗೆದುಕೊಂಡ 19 ಜನರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ, ತೆಗೆದುಕೊಳ್ಳದ 19 ಜನರಲ್ಲಿ 7 ಜನರಿಗೆ ಮರುಕಳಿಸಿತು. ಶುರು ಮಾಡುವ ಮುಂಚೆ ಹೆಪಟೈಟಿಸ್ ಬಿ, ಟಿಬಿ ಟೆಸ್ಟ್ ಆಗಲೇಬೇಕು. ದೇಹದಲ್ಲಿ ಅಡಗಿರುವ ಹೆಪಟೈಟಿಸ್ ಈ ಔಷಧಿಗೆ ಎದ್ದು ಬರಬಹುದು. ಬೇಕಾದ ಲಸಿಕೆಗಳನ್ನೂ ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು, ಆಮೇಲೆ ಅವು ಸರಿಯಾಗಿ ಹಿಡಿಯುವುದಿಲ್ಲ.

ಒಂದು ವಿಷಯ ಮಾತ್ರ ನನ್ನ ಲ್ಯಾಬ್ ತಲೆಗೆ ಇವತ್ತಿಗೂ ಒಗ್ಗಿಲ್ಲ. ಆಂಟಿಬಾಡಿಯ ಪ್ರಮಾಣವನ್ನು ಮತ್ತೆ ಮತ್ತೆ ಅಳೆದು ಕಾಯಿಲೆ ಹೇಗಿದೆ ಅಂತ ಹೇಳಲು ಬರುವುದಿಲ್ಲ. ಶುಗರ್, ಥೈರಾಯ್ಡ್ ಹಾಗಲ್ಲ, ಅಲ್ವಾ? ಅಂಕಿ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ. ಇಲ್ಲಿ ಪ್ರಮಾಣ ಹೆಚ್ಚಿದ್ದರೂ ಆರಾಮಾಗಿರುವವರಿದ್ದಾರೆ, ಕಡಿಮೆ ಇದ್ದರೂ ಮರುಕಳಿಸಿದವರಿದ್ದಾರೆ. ಹಾಗಾಗಿ ಪಾಸಿಟಿವ್ ಬಂದ ಮೇಲೆ ಆ ಟೆಸ್ಟನ್ನು ಪದೇ ಪದೇ ಮಾಡಿಸುವುದಿಲ್ಲ. ಬಿ ಕೋಶಗಳು ವಾಪಸ್ ಬರುತ್ತಿವೆಯಾ ಅಂತ ಸಿಡಿ19 ಎಣಿಕೆ ನೋಡುತ್ತಾರೆ, ಅಷ್ಟೆ.

ಡಿಸ್ಚಾರ್ಜಿಗೆ ಮುಂಚೆ ಒಂದು ಕನ್ನಡ ಫಾರಂ ತಂದುಕೊಟ್ಟಿದ್ದರು. ಟೆಸ್ಟಿಗೆ ಬಳಸಿ ಉಳಿದ ಸೀರಮ್ಮನ್ನು ಮೈನಸ್ 80 ಡಿಗ್ರಿಯಲ್ಲಿ ಇಟ್ಟು ಸಂಶೋಧನೆಗೆ ಬಳಸಲು ಒಪ್ಪಿಗೆ. “ಸುಮ್ನೆ ಯಾಕೆ, ಬೇಡ ಬಿಡು” ಅಂದರು ಯಜಮಾನರು. ಅವರಿಗೆ ಅದು ಎಲ್ಲೋ ಮಾರಾಟವಾಗುತ್ತದೇನೋ ಅನ್ನೋ ಅನುಮಾನ. ಅನುಮಾನ ತಪ್ಪಲ್ಲ, ಕೇಳಬೇಕಾದದ್ದೇ. ಹೆಸರು ತೆಗೆದು ಕೋಡ್ ಹಾಕುತ್ತಾರಾ, ಬೇಡ ಅನ್ನಿಸಿದರೆ ವಾಪಸ್ ಪಡೆಯಬಹುದಾ ಅಂತ ಕೇಳಿದೆ. ಎರಡಕ್ಕೂ ಹೌದು ಅಂದರು. ಸಹಿ ಹಾಕಿದೆ. ಮೇಯೋದ ಫ್ರೀಜರಿನಲ್ಲಿ ಯಾರ್ಯಾರದೋ ಸೀರಮ್ ಇಲ್ಲದಿದ್ದರೆ ನನ್ನ ಫೈಲಿನ ಮೇಲೆ ಇವತ್ತಿಗೂ ಗ್ಯಾಸ್ಟ್ರೈಟಿಸ್ ಅಂತಲೇ ಇರುತ್ತಿತ್ತು.

ಇಂಥ ಸ್ಯಾಂಪಲ್‌ಗಳಿಂದ ಏನೇನೆಲ್ಲ ಮಾಡಬಹುದು ಅನ್ನೋದಕ್ಕೆ ಒಂದು ಉದಾಹರಣೆ. ಅಮೆರಿಕದ ಸಂಶೋಧಕರು ಎನ್‌ಎಂಒ ರೋಗಿಯ ಬೆನ್ನಿನ ನೀರಿನಲ್ಲಿದ್ದ ಕೋಶಗಳಿಂದ ಆಂಟಿಬಾಡಿಯ ನಕ್ಷೆ ತೆಗೆದು ಲ್ಯಾಬಿನಲ್ಲಿ ಅದನ್ನೇ ಮರುತಯಾರು ಮಾಡಿದರು. ಆಮೇಲೆ ಅದರ ಬಾಲವನ್ನು ಮಾತ್ರ ಬದಲಾಯಿಸಿದರು. ಈಗ ಅದು ಅಕ್ವಪೋರಿನ್-4ಕ್ಕೆ ಬಿಗಿಯಾಗಿ ಅಂಟುತ್ತದೆ, ಆದರೆ ಕಾಂಪ್ಲಿಮೆಂಟನ್ನು ಕರೆಯುವುದಿಲ್ಲ. ಜಾಗ ಹಿಡಿದು ಕೂತು, ಕೆಡಿಸುವ ಆಂಟಿಬಾಡಿಗೆ ಅಂಟಲು ಎಡೆ ಕೊಡುವುದಿಲ್ಲ. 2012ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಇದು ಗಾಯವನ್ನು ತಡೆದಿತ್ತು. ಆಸ್ಪತ್ರೆಗೆ ಬರುವ ಔಷಧಿಯಾಗಿಲ್ಲ. ಆದರೂ ರೋಗಿಯ ಆಂಟಿಬಾಡಿಯನ್ನೇ ತಿದ್ದಿ ಕಾವಲಿಗೆ ನಿಲ್ಲಿಸುವ ಈ ಯೋಚನೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬೋರು ಹೊಡೆಸಿದ್ದೇನೆ.

ಈಗ ಹೇಗಿದ್ದೀನಿ? ಬಲಗಣ್ಣಿನಲ್ಲಿ ಪೇಪರಿನ ಹೆಡ್ಡಿಂಗ್ ಓದಬಹುದು, ಒಳಗಿನ ಅಕ್ಷರ ಆಗಲ್ಲ. ಕೆಂಪು ಪೂರ್ತಿ ವಾಪಸ್ ಬಂದಿಲ್ಲ. ಕೆಲಸಕ್ಕೆ ಹೋಗುತ್ತಿದ್ದೇನೆ. ಮೈಕ್ರೋಸ್ಕೋಪಿಗೆ ಎಡಗಣ್ಣು ಸಾಕು. ರಕ್ತ ತೆಗೆಯುವಾಗ ದೂರ ಅಂದಾಜು ಮಾಡಲು ಮೊದಮೊದಲು ಕಷ್ಟವಾಯಿತು, ಈಗ ಬೆರಳಿನಿಂದ ರಕ್ತನಾಳ ಮುಟ್ಟಿ ನೋಡುವ ಅಭ್ಯಾಸವೇ ಜಾಸ್ತಿ. ಅಕ್ವಪೋರಿನ್ ಟೆಸ್ಟಿಗೆ ಚೀಟಿ ಬಂದರೆ ಯಾವ ಮೆಥಡ್ ಅಂತ ಬರೆದವರಿಗೇ ಫೋನ್ ಮಾಡಿ ಕೇಳಿಬಿಡುತ್ತೇನೆ. ಒಬ್ಬಿಬ್ಬರು ಡಾಕ್ಟರಿಗೆ ಸಿಟ್ಟೂ ಬಂದಿದೆ, ಬರಲಿ.

ನೆಂಟರು ಕೇಳುವ ಪ್ರಶ್ನೆಗಳಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಅಂಟುರೋಗ ಅಲ್ಲ. ಮಕ್ಕಳಿಗೆ ಬರುವ ಸಾಧ್ಯತೆ ಬಹಳ ಕಡಿಮೆ. ಬದನೆಕಾಯಿ ಬಿಟ್ಟರೆ ವಾಸಿಯಾಗಲ್ಲ.

ರಿಟುಕ್ಸಿಮ್ಯಾಬ್ ಮೊದಲ ಸಲ ಹಾಕಿಸಿಕೊಳ್ಳುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಶುರುವಾದರೆ ಸಂಜೆಯಾಗುತ್ತದೆ, ಮೊದಲ ಸಲ ಬಹಳ ನಿಧಾನಕ್ಕೆ ಬಿಡುತ್ತಾರೆ. ಶುರುವಿನಲ್ಲಿ ಕೊಡುವ ಅಲರ್ಜಿ ಇಂಜೆಕ್ಷನ್ನಿಗೆ ತೂಕಡಿಕೆ ಬರುತ್ತದೆ, ಹಾಗಾಗಿ ಜೊತೆಗೆ ಒಬ್ಬರು ಇರಲಿ. ಗಂಟಲು ಕೆರೆತ, ಚಳಿ, ಎದೆ ಬಿಗಿತ ಏನೇ ಅನ್ನಿಸಿದರೂ ತಡೆದುಕೊಂಡು ಕೂರಬೇಡಿ, ತಕ್ಷಣ ಸಿಸ್ಟರನ್ನು ಕರೆಯಿರಿ. ವೇಗ ಕಡಿಮೆ ಮಾಡಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಅವತ್ತು ಬೆಳಿಗ್ಗೆ ನುಂಗಬೇಕಾ ಬೇಡವಾ ಅಂತ ಡಾಕ್ಟರನ್ನು ಹಿಂದಿನ ದಿನವೇ ಕೇಳಿ, ಡ್ರಿಪ್ ಹೋಗುವಾಗ ಬಿಪಿ ಇಳಿಯಬಹುದು. ಸ್ವೆಟರ್ ತಗೊಂಡು ಹೋಗಿ, ಆ ವಾರ್ಡಿನ ಎಸಿ ಯಾರ ಮಾತೂ ಕೇಳುವುದಿಲ್ಲ.